ಏಳನೆಯ ಕೆರೆಯ ಕೋಡಿ

ಗುರುವಾರ ಮಧ್ಯಾಹ್ನ ಎರಡೂವರೆಗೆ ಉಪನ್ಯಾಸ ಇಡಬೇಕು ಎಂದು ಮೊದಲು ಹೇಳಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಹೊಟ್ಟೆ ತುಂಬಿ ಕಣ್ಣು ಎಳೆಯುವ ಹೊತ್ತಿನಲ್ಲಿ ಪ್ರಮೇಯ ಕೇಳಿ ಅಂದರೆ ಯಾರು ಕೇಳುತ್ತಾರೆ ಸ್ವಾಮಿ? ಆದರೂ ದೇವನಹಳ್ಳಿ ಆಚೆಯ ಆ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಬಹಳ ವರ್ಷಗಳಿಂದ ಅದೇ ಪದ್ಧತಿ. ಒಂದು ವಾರ ಶುದ್ಧ ಗಣಿತ, ಮರುವಾರ ಅನ್ವಯಿಕ ಗಣಿತ. ಶುದ್ಧದವರು ಗೋಡೆ ಕಡೆ ಕೂರುತ್ತಾರೆ, ಅನ್ವಯದವರು ಕಿಟಕಿ ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಇವರು ಹೇಳಿದ್ದು ಅವರಿಗೆ ಬೇಡ, ಅವರು ಹೇಳಿದ್ದು ಇವರಿಗೆ ಬೇಡ. ಎರಡೂ ಕಡೆಯವರು ಒಪ್ಪುವ ಸಂಗತಿ ಇದ್ದದ್ದು ಒಂದೇ, ಅದು ಆದಿನಾರಾಯಣಪ್ಪ ಸರ್ ಅವರ ನಿದ್ದೆ.

ಆದಿನಾರಾಯಣಪ್ಪ ಸರ್ ಕೂರುವುದು ಕೊನೆಯ ಬೆಂಚಿನ ಮೂಲೆಯಲ್ಲಿ. ಬಂದವರೇ ಚಪ್ಪಲಿ ಬಿಟ್ಟು, ಕಾಲು ಮೇಲೆತ್ತಿ ಚಕ್ಕಂಬಕ್ಕಳ ಹಾಕಿ, ಮಾತು ಶುರುವಾದ ಐದು ನಿಮಿಷಕ್ಕೆ ಮಲಗಿಬಿಡುತ್ತಾರೆ. ಗೊರಕೆ ಇಲ್ಲ, ತೂಕಡಿಕೆ ಇಲ್ಲ, ನೆಟ್ಟಗೆ ಕೂತೇ ನಿದ್ದೆ. ಆದರೆ ಮಾತಾಡುವವರ ಪ್ರಮೇಯದ ಸಾಧನೆಯಲ್ಲಿ ಎಲ್ಲಾದರೂ ತೂತಿದ್ದರೆ, ಸರಿಯಾಗಿ ಆ ಸಾಲಿಗೆ ಕಣ್ಣು ಬಿಡುತ್ತಾರೆ. ಎರಡು ವರ್ಷದ ಹಿಂದೆ ಹೊರಗಿನಿಂದ ಬಂದಿದ್ದ ಭಾರಿ ಪ್ರೊಫೆಸರೊಬ್ಬರ ಮಾತಿನ ನಲವತ್ತನೇ ನಿಮಿಷದಲ್ಲಿ ಕಣ್ಣು ಬಿಟ್ಟು, "ಅದು ಸೊನ್ನೆ ಆದ್ರೆ?" ಅಂದಿದ್ದರು. ಅಷ್ಟೇ. ಆ ಭಾರಿ ಪ್ರೊಫೆಸರು ಕಾಫಿ ಕೂಡ ಕುಡಿಯದೆ ಏರ್‌ಪೋರ್ಟಿಗೆ ಹೊರಟುಹೋದರು. ಅಂದಿನಿಂದ ವಿಭಾಗದಲ್ಲಿ ಒಂದು ನಂಬಿಕೆ ಬೇರೂರಿತು: ಸರ್ ಕೊನೆಯವರೆಗೂ ಮಲಗಿದ್ದರೆ ಸಾಧನೆ ಗಟ್ಟಿ. ಕೊನೆಯ ಪ್ರಶ್ನೆ ಯಾವಾಗಲೂ ಅವರದು; ಅವರು ಕೇಳದಿದ್ದರೆ ಚಪ್ಪಾಳೆ, ಚಪ್ಪಾಳೆ ಆದರೆ ಪಾಸು. ಎಂಥೆಂಥ ಅನುಮಾನದ ಪ್ರಾಣಿಗಳು ಸೇರಿ ಎಂಥ ಮೂಢನಂಬಿಕೆ ಸಾಕಿಕೊಂಡಿದ್ದರು ನೋಡಿ!

ಜನವರಿಯ ಆ ಗುರುವಾರ ಮಾತಾಡಬೇಕಾಗಿದ್ದವಳು ಸಂಘಮಿತ್ರ. ಸೂಲಿಬೆಲೆ ಹತ್ತಿರದ ಹಳ್ಳಿಯವಳು, ಪಿಎಚ್‌ಡಿಯ ಐದನೇ ವರ್ಷ. ಅವಳ ಮಾರ್ಗದರ್ಶಕಿ ಜ್ಯೋತಿಲಕ್ಷ್ಮಿ ಮೇಡಂ ತಿಂಗಳ ಕೊನೆಗೆ ನಿವೃತ್ತರಾಗುವವರು. ಈ ಉಪನ್ಯಾಸ ಪಾಸಾದರೆ ಮೇಡಂ ಅವತ್ತೇ ಪ್ರಬಂಧಕ್ಕೆ ಸಹಿ ಹಾಕುತ್ತಾರೆ, ಸಂಘಮಿತ್ರ ಡಾಕ್ಟರ್ ಆಗುತ್ತಾಳೆ. ಆಗದಿದ್ದರೆ ಮೇಡಂ ಮನೆಗೆ, ಇವಳು ಹೊಸ ಮಾರ್ಗದರ್ಶಕರನ್ನು ಹುಡುಕಿಕೊಂಡು ಮತ್ತೆ ಮೊದಲಿನಿಂದ. "ನನ್ನ ಸರ್ವೀಸಿನ ಕೊನೇ ಸೈನು ನಿಂದೇ ಕಣಮ್ಮ" ಎಂದು ಮೇಡಂ ಹೇಳಿ ಹೇಳಿ, ಫಾರಂ ತುಂಬಿಸಿ, ನೀಲಿ ಫೈಲಿನಲ್ಲಿಟ್ಟುಕೊಂಡು ಕಾಯುತ್ತಿದ್ದರು.

ಅವಳ ವಿಷಯ ಕೆರೆಗಳದು. ಸೂಲಿಬೆಲೆ ಕಡೆಯಿಂದ ಬೂದಿಗೆರೆ ಕಡೆಗೆ ಇಳಿಯುವ ಏಳು ಕೆರೆಗಳ ಸಾಲು. ಮೇಲಿನ ಕೆರೆ ತುಂಬಿದರೆ ಅದರ ಕೋಡಿ ಹರಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಮಳೆ ಎಷ್ಟೇ ಬರಲಿ, ಹೇಗೇ ಬರಲಿ, ಕೋಡಿಗಳು ಇಂತಿಷ್ಟು ಅಗಲ ಇದ್ದರೆ ಯಾವ ಕೆರೆಯ ನೀರೂ ಏರಿ ದಾಟುವುದಿಲ್ಲ, ಎಲ್ಲ ಕೆರೆಗಳೂ ಒಂದು ಮಟ್ಟಕ್ಕೆ ಬಂದು ಸುಮ್ಮನಾಗುತ್ತವೆ. ಇದು ಅವಳ ಪ್ರಮೇಯ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಸಾಧಿಸಲು ಹೋಗಿ, ಕಪ್ಪುಹಲಗೆ ತುಂಬಾ ಬರೆದು ಅಳಿಸಿ ನಾಲ್ಕು ವರ್ಷ ಕಳೆದಳು.

ಕೆರೆ ಅವಳಿಗೆ ಪುಸ್ತಕದಿಂದ ಬಂದದ್ದಲ್ಲ. ಅವಳ ತಾತ ನರಸಿಂಹಯ್ಯ ಊರ ನೀರಗಂಟಿ. ಕೆರೆಯ ತೂಬು ಎತ್ತಿ, ಗದ್ದೆಗದ್ದೆಗೆ ನೀರು ಹಂಚುವುದು ಅವರ ಮನೆತನದ ಕೆಲಸ. ಗದ್ದೆ ಬೇರೆಯವರದು, ನೀರು ಬಿಡುವ ಕೈ ಇವರದು. ಊರಿನ ಬಾವಿಯಲ್ಲಿ ಸೇದಬಾರದು, ಊರಿನ ಕೆರೆಯನ್ನು ಮಾತ್ರ ಕಾಯಬೇಕು, ಅಂಥ ಕಾಲ ಅದು. ತಾತ ಅದನ್ನು ನೆನೆದು ಈಗಲೂ ಒಮ್ಮೊಮ್ಮೆ ಉರಿದುಬೀಳುತ್ತಾನೆ, ಆದರೆ ಕೆಲಸದ ಬಗ್ಗೆ ಮಾತ್ರ ಹೆಮ್ಮೆ. ಅವನದೊಂದು ನೇಮವಿತ್ತು. ಕೊನೆಯ ಗದ್ದೆಗೆ ತಾನೇ ನಡೆದು ಹೋಗಿ, ಕೆಸರಿನಲ್ಲಿ ಕಾಲಿಟ್ಟು ನೋಡದೆ ತೂಬು ಮುಚ್ಚುತ್ತಿರಲಿಲ್ಲ. ಏರಿ ಮೇಲೆ ನಿಂತು ಎಲ್ಲ ಗದ್ದೆಗೂ ನೀರು ಹತ್ತಿತು ಅನ್ನುವವನು ನೀರಗಂಟಿಯಲ್ಲ, ಸುಳ್ಳುಗಂಟಿ ಎಂದು ಬೈಯುತ್ತಿದ್ದ. ಸಂಘಮಿತ್ರ ಈ ಕೆಲಸ ಶುರು ಮಾಡಿದ ವರ್ಷ ಅವನು ಕೇಳಿದ್ದೂ ಅದನ್ನೇ.

"ಏಳೂ ಕೆರೆಗೂ ಹೋಗ್ಬಂದ್ಯಾ ಮಗ? ಕೊನೇದಕ್ಕೂ?"

"ಹೂಂ ತಾತ, ಹೋಗಿದ್ದೆ" ಅಂದಿದ್ದಳು.

ಹೋಗಿರಲಿಲ್ಲ. ಆರು ಕೆರೆಗಳ ಏರಿ ಮೇಲೆ ಟೇಪು ಹಿಡಿದು ನಡೆದಿದ್ದಳು, ಆರು ಕೋಡಿಗಳ ಅಗಲ ಅಳೆದಿದ್ದಳು. ಏಳನೆಯದು ತೋಪಿನ ಕೆರೆ, ಬೂದಿಗೆರೆ ರಸ್ತೆಯಲ್ಲಿ ಬಹಳ ದೂರ. ಬಸ್ ಇಳಿದು ಮತ್ತೆ ನಡೆಯಬೇಕು. ಹಳೆಯ ನಕ್ಷೆಯಲ್ಲಿ ಅದರ ಕೋಡಿ ಚೆನ್ನಾಗಿಯೇ ಕಾಣುತ್ತಿತ್ತು. ಕೋಡಿ ಇಲ್ಲದ ಕೆರೆ ಈ ಸೀಮೆಯಲ್ಲಿ ಯಾರಾದರೂ ಕಂಡಿದ್ದಾರಾ? ನಕ್ಷೆಯ ಅಳತೆಯನ್ನೇ ತೆಗೆದುಕೊಂಡಳು. ಸಾಧನೆಯಲ್ಲಿ ಆರು ಕೆರೆಗಳಿಗೆ ಆರು ಪುಟ ಬರೆದು, ಏಳನೆಯದಕ್ಕೆ ಒಂದೇ ಸಾಲು ಬರೆದಳು: "ಕೊನೆಯ ಕೆರೆಗೂ ಇದೇ ರೀತಿ." ಗಣಿತದವರು ತಮ್ಮ ಪಾಪಗಳನ್ನೆಲ್ಲ ಹೂಳುವುದು "ಇದೇ ರೀತಿ" ಅನ್ನುವ ಎರಡು ಪದಗಳ ಕೆಳಗೆ. ಬೇರೆ ಯಾವ ಕಸುಬಿನವನೂ ಇಷ್ಟು ಧೈರ್ಯವಾಗಿ ಕೆಲಸ ಕದಿಯಲಾರ.

ಸಂಕ್ರಾಂತಿ ಕಳೆದ ಭಾನುವಾರ, ಉಪನ್ಯಾಸದ ಮೊದಲ ಚಿತ್ರಕ್ಕೆ ಒಂದು ಒಳ್ಳೆಯ ಫೋಟೋ ಇರಲಿ ಎಂದು ಕೊನೆಗೂ ತೋಪಿನ ಕೆರೆಗೆ ಹೋದಳು. ಕೆರೆ ಇತ್ತು, ನೀರೂ ಇತ್ತು, ಏರಿಯೂ ಇತ್ತು. ಕೋಡಿ ಇರಬೇಕಾದ ಕಡೆ ಮಣ್ಣು ತುಂಬಿ, ಮೇಲೆ ಡಾಂಬರು ಹಾಕಿ, ಒಂದು ಹೊಸ ಲೇಔಟಿನ ಕಮಾನು ನಿಲ್ಲಿಸಿದ್ದರು. ಕಮಾನಿನ ಆಚೆ ಹುಲ್ಲುಹಾಸು, ಹುಲ್ಲಿನ ಮೇಲೆ ಸಿಮೆಂಟಿನ ಜಿಂಕೆ, ಆಮೇಲೆ ಮೂವತ್ತು ನಲವತ್ತು ಮನೆ. ಒಂದು ಮನೆಯ ಮುಂದೆ ಹೆಂಗಸೊಬ್ಬಳು ಹಪ್ಪಳ ಒಣಗಿಸುತ್ತಿದ್ದಳು. ಏರಿ ಇಳಿದು ಕಾಲಿಟ್ಟಳು, ನೀರು ಮೊಣಕಾಲಿನವರೆಗೆ ಬಂದು ತಣ್ಣಗೆ ನಿಂತಿತ್ತು. ಸಂಘಮಿತ್ರ ಫೋಟೋ ತೆಗೆಯಲಿಲ್ಲ. ಬಂದ ದಾರಿಯಲ್ಲೇ ನಡೆದು ಬಸ್ ಹತ್ತಿದಳು.

ಅವಳು ಹೇಳಿಕೊಂಡದ್ದು ನರೇಶನಿಗೆ ಮಾತ್ರ. ನರೇಶ ಶುದ್ಧದವನು, ಹೊಸಕೋಟೆ ಕಡೆಯವನು. ಮೊದಲ ವರ್ಷ ಅವನು ತಮಾಷೆಗೆ, "ನಾವು ಶುದ್ಧದವ್ರು, ನೀವು ಅಶುದ್ಧದವ್ರು" ಅಂದಿದ್ದ. "ಆ ಮಾತು ನಮ್ಮೂರಲ್ಲೇ ಬೇಕಾದಷ್ಟು ಕೇಳ್ಕೊಂಡು ಬಂದಿದೀನಿ ಕಣೋ, ಇಲ್ಲಿ ಹೊಸದಾಗಿ ಕಲಿಸ್ಬೇಡ" ಅಂದಿದ್ದಳು ಇವಳು. ಅವನ ಮುಖ ಇಷ್ಟೇ ಇಷ್ಟಾಗಿತ್ತು. ಮಾರನೇ ದಿನ ಎದುರಿಗೆ ಬಂದು ತಪ್ಪಾಯ್ತು ಅಂದ. ಅಂದಿನಿಂದ ಇಬ್ಬರೂ ಗಳಸ್ಯ ಕಂಠಸ್ಯ.

"ಲೇ, ಹುಚ್ಚಾ ನಿಂಗೆ?" ಅಂದ ನರೇಶ. "ನಾಲ್ಕು ವರ್ಷ ಸತ್ತಿದೀಯ. ಒಂದು ಕೆರೆ ಕೋಡಿ ಮುಚ್ಚಿದ್ರೆ ಪ್ರಮೇಯ ಏನ್ ಮಾಡುತ್ತೆ? ಕೋಡಿ ಇದ್ರೆ ಅಂತ ತಾನೇ ಬರ್ದಿರೋದು?"

"ಕೊನೇ ಕೆರೇಲಿ ಕೋಡಿ ಇದೆ ಅಂತ ಬರ್ದಿದೀನಿ ಕಣೋ. ಏರಿ ದಾಟಲ್ಲ ಅಂತ ಬರ್ದಿದೀನಿ. ಆ ಮನೆಗಳು ಇರೋದು ಏರಿ ಕೆಳಗೆ."

"ಪರೀಕ್ಷೆ ಮಾಡೋರ್ಗೆ ಗೊತ್ತಾ? ಮೇಡಂಗೆ ಗೊತ್ತಾ? ತೂತು ಕಂಡ್ಹಿಡಿಯೋರು ಈ ಬಿಲ್ಡಿಂಗಲ್ಲಿ ಒಬ್ಬರೇ. ಅವ್ರನ್ನ ಮಲಗಿಸೋ ಜವಾಬ್ದಾರಿ ನಂದು, ಬಿಡು. ನೀನು ಬಾಯ್ ಮುಚ್ಕೊಂಡು ಮಾತಾಡು."

ಬಾಯಿ ಮುಚ್ಚಿಕೊಂಡು ಮಾತಾಡುವುದು ಹೇಗೆ ಎಂದು ಕೇಳುವಷ್ಟೂ ಅವಳಲ್ಲಿ ತ್ರಾಣ ಇರಲಿಲ್ಲ. ಭಾನುವಾರದಿಂದ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಹಾಗಾಗಲಿ ಅಂದಳು.

ಗುರುವಾರ ನರೇಶ ಮಾತು ಉಳಿಸಿಕೊಂಡ. ಅವರೆಕಾಯಿಯ ಕಾಲ. ಅವರಮ್ಮನ ಕೈಯಲ್ಲಿ ಹಿತಕಿದ ಬೇಳೆ ಸಾರು ಮಾಡಿಸಿ, ನಾಲ್ಕು ರಾಗಿಮುದ್ದೆ ಕಟ್ಟಿಸಿಕೊಂಡು, ಮೇಲೆ ಒಂದು ಡಬ್ಬಿ ಗಟ್ಟಿ ಮೊಸರು ಹೊತ್ತು ತಂದ. "ಮನೇಲಿ ಮಾಡಿದ್ರು ಸರ್, ನಿಮ್ಗೆ ಅಂತ್ಲೇ" ಎಂದು ಆದಿನಾರಾಯಣಪ್ಪ ಸರ್ ಮುಂದೆ ಬಿಚ್ಚಿಟ್ಟ. ಸರ್ ಎರಡು ಮುದ್ದೆ ನುಂಗಿ, ಮೂರನೆಯದಕ್ಕೂ ಕೈ ಹಾಕಿ, ಅವನ ತಾಯಿಯನ್ನು ಬಾಯಿ ತುಂಬ ಹರಸಿದರು. ಎರಡೂಕಾಲಿಗೇ ಬಂದು ಮೂಲೆಯಲ್ಲಿ ಕೂತರು. ಚಪ್ಪಲಿ ಬಿಟ್ಟರು. ಸಂಘಮಿತ್ರ ಹೆಸರು ಹೇಳುವುದರೊಳಗೆ ನಿದ್ದೆ.

ಅವಳು ಹಲಗೆಯ ಕಡೆ ತಿರುಗಿದಳು. ಕಿಟಕಿಯಿಂದ ಚಳಿಗಾಲದ ತೆಳು ಬಿಸಿಲು ಇಳಿಜಾರಾಗಿ ಬಿದ್ದು, ಸೀಮೆಸುಣ್ಣದ ಪುಡಿ ಅದರಲ್ಲಿ ನಿಧಾನವಾಗಿ ಏಳುತ್ತಿತ್ತು. ಕೈ ತಾನಾಗಿ ಬರೆಯುತ್ತಿತ್ತು, ಬಾಯಿ ತಾನಾಗಿ ಹೇಳುತ್ತಿತ್ತು. ಮೊದಲನೇ ಕೆರೆ. ಎರಡನೇ ಕೆರೆ. ಮೇಲೆ ವಿಮಾನವೊಂದು ಹೋದಾಗ ಗಾಜುಗಳು ಸಣ್ಣಗೆ ಝುಂ ಎಂದವು, ಆ ಸದ್ದು ಹೋದ ಮೇಲೂ ಅವಳ ಕಿವಿಯಲ್ಲಿ ಉಳಿಯಿತು. ಉಳಿದು, ಕೋಡಿ ಬಿದ್ದ ನೀರಿನ ಸದ್ದಾಯಿತು. ಮೂರನೇ ಕೆರೆಗೆ ಬರುವಾಗ ಅವಳಿಗೆ ಎಚ್ಚರವೋ ಕನಸೋ ತಿಳಿಯಲಿಲ್ಲ. ಹಲಗೆಯ ಮೇಲೆ ಬರೆದ ಕೆರೆಗಳು ಒಂದರ ಕೆಳಗೊಂದು ತುಂಬಿ, ಗೀಟು ದಾಟಿ, ಬೆರಳಿಗೆ ತಣ್ಣಗೆ ತಾಗಿದವು. ತಾತ ಪಂಚೆ ಮೇಲೆ ಕಟ್ಟಿ ಏರಿಯ ಮೇಲೆ ನಡೆಯುತ್ತಿದ್ದ. ಅವನ ಹಿಂದೆ ಪುಟ್ಟ ಹುಡುಗಿಯಾಗಿ ಅವಳು. ಬಹಳ ಸುಖವಾಗಿತ್ತು. ಈ ಮಾತು ಮುಗಿಯದೇ ಇದ್ದರೆ ಎಷ್ಟು ಚೆನ್ನ, ಏಳನೆಯದು ಬಾರದೇ ಇದ್ದರೆ ಎಷ್ಟು ಚೆನ್ನ ಅಂದುಕೊಂಡಳು.

ಆರನೇ ಕೆರೆ ಮುಗಿಯಿತು. ಸೀಮೆಸುಣ್ಣ ತಾನಾಗಿ ಬರೆಯಿತು: ಕೊನೆಯ ಕೆರೆಗೂ ಇದೇ ರೀತಿ.

ನರೇಶ ಉಸಿರು ಹಿಡಿದು ಹಿಂದಕ್ಕೆ ತಿರುಗಿ ನೋಡಿದ. ಅವಳೂ ನೋಡಿದಳು. ಆದಿನಾರಾಯಣಪ್ಪ ಸರ್ ಕಣ್ಣು ಬಿಡಲಿಲ್ಲ. ರೆಪ್ಪೆ ಕೂಡ ಅಲುಗಲಿಲ್ಲ. ಎರಡು ವರ್ಷದ ನಂಬಿಕೆಯನ್ನು ಮೂರು ಮುದ್ದೆ ನುಂಗಿ ನೀರು ಕುಡಿದಿದ್ದವು.

ಅವಳು ನೋಡಿದ್ದು ಅವರ ಮುಖವನ್ನಲ್ಲ, ಬೆಂಚಿನ ಕೆಳಗೆ ಬಿಟ್ಟಿದ್ದ ಚಪ್ಪಲಿಗಳನ್ನು. ಅವು ತೇಲುತ್ತಿದ್ದವು. ಕೊನೆಯ ಬೆಂಚಿನ ಕೆಳಗೆ ನೀರು ನಿಂತಿತ್ತು, ಸದ್ದಿಲ್ಲದೆ, ಬಿಸಿಲಲ್ಲಿ ಹೊಳೆಯುತ್ತ. ನೋಡನೋಡುತ್ತ ಅದು ಮುಂದಿನ ಬೆಂಚಿಗೆ ಬಂತು, ಅದರ ಮುಂದಿನದಕ್ಕೆ ಬಂತು. ಶುದ್ಧದವರ ಕಡೆ, ಅನ್ವಯದವರ ಕಡೆ ಎಂದು ನೋಡದೆ ಎಲ್ಲರ ಕಾಲಡಿಗೆ ಬಂತು. ಹುಲ್ಲುಹಾಸಿನ ಜಿಂಕೆ ಅದರಲ್ಲಿ ಕಿವಿ ಮಾತ್ರ ಮೇಲಿಟ್ಟು ನಿಂತಿತ್ತು. ಒಣಗಿಸಿದ ಹಪ್ಪಳಗಳು ಒಂದೊಂದಾಗಿ ತೇಲಿ ಬಂದವು. ಎಲ್ಲ ಹಿಂದಿನಿಂದ ಮುಂದಕ್ಕೆ, ಕೆಳಗಿನಿಂದ ಮೇಲಕ್ಕೆ, ಅವಳ ಕಡೆಗೆ ಬರುತ್ತಿತ್ತು. ಯಾರೂ ಕಾಲು ಎತ್ತಿಕೊಳ್ಳಲಿಲ್ಲ.

"ಬಹಳ ಚೆನ್ನಾಗಿತ್ತು" ಎಂದು ಜ್ಯೋತಿಲಕ್ಷ್ಮಿ ಮೇಡಂ ಮುಂದಿನ ಬೆಂಚಿನಿಂದ ಎದ್ದರು. ದನಿಯಲ್ಲಿ ಸಂತೋಷ ತಡೆಯುವುದಕ್ಕೆ ಆಗುತ್ತಿರಲಿಲ್ಲ. ಹಿಂದಕ್ಕೆ ನೋಡಿ ನಕ್ಕರು. "ಕೊನೇ ಪ್ರಶ್ನೆ ಕೇಳೋರು ಮಲಗಿದಾರೆ. ಅಂದ್ರೆ ಗೊತ್ತಲ್ಲ!" ಎಲ್ಲರೂ ನಕ್ಕರು, ಚಪ್ಪಾಳೆ ಶುರುವಾಯಿತು. ಮೇಡಂ ನೀಲಿ ಫೈಲು ತೆರೆದು ಪೆನ್ನಿನ ಮುಚ್ಚಳ ಬಿಚ್ಚಿದರು.

ನೀರು ಅವಳ ಮೊಣಕಾಲಿಗೆ ಬಂದಿತ್ತು.

"ಮೇಡಂ, ಒಂದು ಪ್ರಶ್ನೆ ಇದೆ" ಅಂದಳು ಸಂಘಮಿತ್ರ.

"ಯಾರದ್ದಮ್ಮ?"

"ನಂದೇ ಮೇಡಂ."

ಚಪ್ಪಾಳೆ ಅಲ್ಲೊಂದು ಇಲ್ಲೊಂದಾಗಿ ನಿಂತಿತು. ನರೇಶ ತಲೆ ಮೇಲೆ ಕೈ ಹೊತ್ತು ಕೂತ. ಅವಳು "ಇದೇ ರೀತಿ" ಅನ್ನುವುದನ್ನು ಅಂಗೈಯಿಂದಲೇ ಒರೆಸಿದಳು. ಅದರ ಜಾಗದಲ್ಲಿ ಒಂದು ಕೆರೆ ಬರೆದಳು. ಮೇಲಿನಿಂದ ನೀರು ಬರುವ ಗೀಟು ಎಳೆದಳು. ಹೊರಗೆ ಹೋಗುವ ಗೀಟು ಎಳೆಯಲಿಲ್ಲ.

"ಇದಕ್ಕೆ ಕೋಡಿ ಇಲ್ಲ ಮೇಡಂ. ಇದೆ ಅಂತ ನಕ್ಷೆ ನೋಡಿ ಬರ್ದಿದ್ದೆ. ನಾನು ಹೋಗಿರ್ಲಿಲ್ಲ. ಭಾನುವಾರ ಹೋಗಿದ್ದೆ. ಮುಚ್ಚಿದಾರೆ. ಹಾಗಾಗಿ ನನ್ನ ಪ್ರಮೇಯ ಆರು ಕೆರೆಗೆ ನಿಜ, ಏಳಕ್ಕೆ ಸುಳ್ಳು. ನಂಗೆ ಭಾನುವಾರದಿಂದ ಗೊತ್ತು. ಹೇಳ್ದೆ ಮುಗಿಸ್ಬಿಡೋಣ ಅಂತಿದ್ದೆ."

ಹೇಳಿದ್ದಷ್ಟೇ ತಡ, ಅವಳಿಗೆ ಅಳು ಬಂತು. ನಾಲ್ಕು ವರ್ಷಕ್ಕಾಗಿ ಬಂತೋ, ನಾಲ್ಕು ದಿನಕ್ಕಾಗಿ ಬಂತೋ. ಸುಣ್ಣದ ಕೈಯಲ್ಲೇ ಮುಖ ಒರೆಸಿಕೊಂಡಳು. ಸೀಮೆಸುಣ್ಣದ ಸದ್ದೂ ನಿಂತಿತ್ತು, ಮಾತಿನ ಸದ್ದೂ ನಿಂತಿತ್ತು. ಆ ಮೌನಕ್ಕೆ ಆದಿನಾರಾಯಣಪ್ಪ ಸರ್ ಕಣ್ಣು ಬಿಟ್ಟರು. ಏನಾಯಿತು, ಯಾರು ಅತ್ತರು ಒಂದೂ ತಿಳಿಯದು. ಕಂಡದ್ದು ಹಲಗೆ ಮೇಲಿನ ಚಿತ್ರ ಮಾತ್ರ.

"ಏನಮ್ಮ, ಈ ಕೆರೆಗೆ ಕೋಡಿ ಎಲ್ಲಿ?" ಅಂದರು.

ಹಾಲ್ ತುಂಬ ನಗು ಎದ್ದಿತು. ಸಂಘಮಿತ್ರಳೂ ಅಳುತ್ತಲೇ ನಕ್ಕಳು.

"ಇಲ್ಲ ಸರ್. ಅದೇ ಪ್ರಶ್ನೆ."

"ಹಾಗಾದ್ರೆ ತುಂಬಿದ ಮೇಲೆ ನೀರು ಎಲ್ಲಿಗೆ ಹೋಗುತ್ತೆ?"

ಅವಳು ಬೆಂಚುಗಳ ಕಡೆ ನೋಡಿದಳು. ಈಗ ನೆಲ ಒಣಗಿತ್ತು. ಆದರೆ ಕಂಡದ್ದು ಕಂಡದ್ದೇ. "ಏರಿ ದಾಟೋಕೆ ಮುಂಚೆ ಹಿಂದಕ್ಕೆ ಬರುತ್ತೆ ಸರ್. ಏಳರಿಂದ ಆರಕ್ಕೆ. ಆರನೇ ಕೋಡಿ ಮುಳುಗಿ ಕೆಲಸ ನಿಲ್ಸುತ್ತೆ. ಆಮೇಲೆ ಐದು."

"ನೀರು ಹಿಂದಕ್ಕೆ ಬಂದ್ರೆ ನಿನ್ನ ಲೆಕ್ಕ ಮುಂದಕ್ಕೆ ಹೋದ್ರೆ ಆಗುತ್ತಾ? ಕೊನೇದ್ರಿಂದ ಶುರು ಮಾಡು" ಎಂದು ಸರ್ ಕಾಲು ಇಳಿಸಿ ಚಪ್ಪಲಿ ಹುಡುಕಿದರು.

ಜ್ಯೋತಿಲಕ್ಷ್ಮಿ ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಅವಳ ಕೆನ್ನೆಯ ಸುಣ್ಣವನ್ನು ತಮ್ಮ ಸೆರಗಿನಿಂದ ಒರೆಸಿದರು. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ಕೊನೇ ಸೈನಲ್ಲಿ ನನ್ನ ಮಾನ ಹೋಗ್ತಿತ್ತು, ನೀನು ಉಳಿಸ್ದೆ. ಆದ್ರೆ ಸಹಿ ಹಾಕೋಕಾಗಲ್ಲ ಕಣಮ್ಮ" ಅಂದರು. ಅವರ ಕಣ್ಣೂ ಒದ್ದೆಯಾಗಿತ್ತು. ನೀಲಿ ಫೈಲನ್ನು ಬ್ಯಾಗಿಗೆ ಹಾಕಿಕೊಂಡು ನಿಧಾನವಾಗಿ ಮೆಟ್ಟಿಲಿಳಿದರು.

ಆದಿನಾರಾಯಣಪ್ಪ ಸರ್ ಕಾರಿಡಾರಿನಲ್ಲಿ ನಿಂತಿದ್ದರು. "ನಂದು ಇನ್ನೂ ಎರಡು ವರ್ಷ ಸರ್ವೀಸಿದೆ. ಬೇಕಾದ್ರೆ ಸೋಮವಾರ ಗೈಡ್ ಬದಲಾಯಿಸೋ ಅರ್ಜಿ ತಗೊಂಡ್ಬಾ" ಅಂದರು. ಎರಡು ಹೆಜ್ಜೆ ಹೋಗಿ ತಿರುಗಿದರು. "ಮತ್ತೆ, ನರೇಶಂಗೆ ಹೇಳು. ಸಾರು ಅಮೃತ. ಆದ್ರೆ ಇನ್ಮೇಲೆ ಗುರುವಾರ ಬೇಡ, ಶುಕ್ರವಾರ ತರ್ಲಿ."

ಸಂಜೆ ಸೂಲಿಬೆಲೆ ಬಸ್ಸಿನ ಕಿಟಕಿಗೆ ತಲೆ ಆನಿಸಿ ಅವಳು ನಾಲ್ಕು ದಿನದ ನಿದ್ದೆ ಮಾಡಿದಳು. ಊರಿನ ಸ್ಟಾಪು ಬಂದಾಗ ಕಂಡಕ್ಟರೇ ಎಬ್ಬಿಸಿದ. ತಾತ ಜಗಲಿಯ ಮೇಲೆ, ಟವೆಲು ಹೊದ್ದು, ಇವಳ ದಾರಿಯನ್ನೇ ನೋಡುತ್ತಿದ್ದ. ಮೊಮ್ಮಗಳು ಇವತ್ತು ಡಾಕ್ಟರಾಗಿ ಬರುತ್ತಾಳೆ ಎಂದು ಬೆಳಿಗ್ಗೆಯೇ ಬೀದಿಗೆಲ್ಲ ಹೇಳಿದ್ದ. ಅವಳ ಮುಖ ನೋಡಿ ಸರಿದು ಜಾಗ ಕೊಟ್ಟ.

"ತಾತ, ಅವತ್ತು ನಿಂಗೆ ಸುಳ್ಳು ಹೇಳಿದ್ದೆ. ಕೊನೇ ಕೆರೆಗೆ ನಾನು ಹೋಗಿರ್ಲಿಲ್ಲ."

ತಾತ "ಗೊತ್ತಿತ್ತು" ಅಂದ. "ಏಳು ಕೆರೆ ಸುತ್ತಿದೋಳ ಚಪ್ಪಲಿ ಅಷ್ಟು ಹೊಸ್ದಾಗಿರ್ತಿರ್ಲಿಲ್ಲ. ಈಗ ಹೋಗಿದ್ಯಾ?"

"ಹೋಗಿದ್ದೆ."

"ಕಾಲಿಟ್ಟು ನೋಡ್ದ್ಯಾ?"

"ನೋಡ್ದೆ ತಾತ. ಮೊಣಕಾಲ್ಗಂಟ ನೀರು."

"ಅದನ್ನ ಅವರ ಮುಂದೆ ಹೇಳ್ದ್ಯಾ?"

"ಹೇಳ್ದೆ. ಅದಕ್ಕೇ ಡಾಕ್ಟರಾಗ್ಲಿಲ್ಲ."

ನರಸಿಂಹಯ್ಯ ಬಗ್ಗಿ ಮೊಮ್ಮಗಳ ಪಾದವನ್ನು ತನ್ನ ಒರಟು ಕೈಯಲ್ಲಿ ಹಿಡಿದು, ನಿಜಕ್ಕೂ ಕೆಸರು ಅಂಟಿದೆಯೇನೋ ಅನ್ನುವಂತೆ ಟವೆಲಿನ ತುದಿಯಿಂದ ಒರೆಸಿದ.

"ನೀರಗಂಟಿ ಆದೆ ಬಿಡು" ಅಂದ. ಆಮೇಲೆ ಒಳಗೆ ತಿರುಗಿ, ಮಗು ಬಂದಿದೆ, ಊಟಕ್ಕಿಡಿ ಎಂದು ಕೂಗಿದ.